ಮಕ್ಕಳ ಜೊತೆ ಫಾತಿಮಾ: ಮೊದಲು ಅಲ್ಜುಸ್ತ್ರೆಲ್, ಆಮೇಲೆ ಬಸಿಲಿಕ

ಪೋರ್ಚುಗಲ್‌ನ ಲಿಸ್ಬನ್ನಿಂದ ಉತ್ತರಕ್ಕೆ, ಮಾತೆ ಮರಿಯಳ ಯಾತ್ರಾಸ್ಥಳವಾದ ಫಾತಿಮಾ ಸುಮಾರು 125 ಕಿ.ಮೀ., ಬಸ್ಸಿನಲ್ಲಿ ಒಂದೂವರೆ ಗಂಟೆ. ರೈಲಿನ ಆಸೆ ಬೇಡ. ‘ಫಾತಿಮಾ’ ಎಂಬ ಬೋರ್ಡು ಹೊತ್ತ ನಿಲ್ದಾಣ ಊರಿಂದ 20 ಕಿ.ಮೀ. ಆಚೆಗಿದೆ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಳಿದರೆ ಮತ್ತೆ ಗಾಡಿ ಹುಡುಕಬೇಕು.

ಊರು ತಲುಪಿದ ಕೂಡಲೇ ದೊಡ್ಡವರ ಕಾಲು ತಾನಾಗಿ ಬಸಿಲಿಕದ, ಅಂದರೆ ಇಲ್ಲಿನ ದೊಡ್ಡ ಚರ್ಚಿನ, ಮುಂದಿನ ಬಯಲಿನತ್ತ ತಿರುಗುತ್ತದೆ. ಚಿಕ್ಕ ಮಕ್ಕಳಿದ್ದರೆ ಅದನ್ನು ಸಂಜೆಗೆ ಬಿಡಿ. ನೆತ್ತಿ ಸುಡುವ ಬಿಸಿಲು, ನೆರಳಿಲ್ಲ, ಮಗುವಿನ ಎತ್ತರಕ್ಕೆ ಕಾಣುವುದು ಜನರ ಕಾಲುಗಳು ಮಾತ್ರ. ಬೆಳಿಗ್ಗೆಯೇ ಸುಮಾರು 2 ಕಿ.ಮೀ. ದೂರದ ಅಲ್ಜುಸ್ತ್ರೆಲ್ ಹಳ್ಳಿಗೆ ಹೊರಡಿ. 1917ರ ಮೇ 13ರಂದು ಮಾತೆ ಮರಿಯಳನ್ನು ಕಂಡ ಮೂವರು ಕುರಿಗಾಹಿ ಮಕ್ಕಳ ಮನೆಗಳು ಅಲ್ಲಿವೆ. ಆಗ ಲೂಸಿಯಾಗೆ 10, ಫ್ರಾನ್ಸಿಸ್ಕೊಗೆ 8, ಜಸಿಂತಾಗೆ 7 ವರ್ಷ. ‘ಸಂತರು’ ಎಂದರೆ ಗಡ್ಡದ ಮುದುಕರು ಎಂದುಕೊಂಡ ಮಗುವಿಗೆ ಈ ವಯಸ್ಸುಗಳೇ ಅರ್ಧ ಧರ್ಮೋಪದೇಶ.

ಹಳ್ಳಿಗೆ ನಡೆದು ಹೋಗಲು ಆಲಿವ್ ಮರಗಳ ನಡುವೆ, ಯೇಸು ಶಿಲುಬೆ ಹೊತ್ತು ಸಾಗಿದ ಘಟನೆಗಳನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಶಿಲುಬೆ ಹಾದಿಯಿದೆ, ದೇಶ ಬಿಟ್ಟು ಬಂದ ಹಂಗೇರಿಯ ಕಥೋಲಿಕರ ಕೊಡುಗೆ. ಆರು ದಾಟಿದವರು ನಡೆಯಬಲ್ಲರು. ಹೋಗುವಾಗಲೇ ನಡೆಯಿರಿ. ಟ್ಯಾಕ್ಸಿಯಲ್ಲಿ ಹೋಗಿ ನಡೆದು ವಾಪಸಾದರೆ ಸ್ಥಳಗಳು ಹಿಂದುಮುಂದಾಗುತ್ತವೆ. ಎಣಿಸಲು ಬರುವ ಮಗು, ಸತ್ತ ಯೇಸು ಮತ್ತೆ ಶಿಲುಬೆ ಹೊರುವುದು ಹೇಗೆ ಎಂದು ಕೇಳದೆ ಬಿಡುವುದಿಲ್ಲ. ಹದಿನಾಲ್ಕೂ ಸ್ಥಳಗಳಲ್ಲಿ ಪುಸ್ತಕದ ಪ್ರಾರ್ಥನೆ ಪೂರ್ತಿ ಓದುವ ಹಟ ಬೇಡ. ನಾಲ್ಕು, ಐದು, ಆರರಲ್ಲಿ ನಿಂತರೆ ಸಾಕು: ತಾಯಿ ಎದುರಾಗುತ್ತಾಳೆ, ಸಿಮೋನ ಹೆಗಲು ಕೊಡುತ್ತಾನೆ, ವೆರೋನಿಕಾ ಮುಖ ಒರೆಸುತ್ತಾಳೆ. ಮೂರರಲ್ಲೂ ಯಾರೋ ಒಬ್ಬರು ಯೇಸುವಿನ ನೆರವಿಗೆ ಬರುತ್ತಾರೆ. ಐದು ವರ್ಷದ ಬುದ್ಧಿಗೆ ಪಾಪಪರಿಹಾರಕ್ಕಿಂತ ಇದು ಬೇಗ ದಕ್ಕುತ್ತದೆ.

ದಾರಿಯಿಂದ ಸ್ವಲ್ಪ ಒಳಗೆ ಬಂಡೆಗಳ ನಡುವೆ ‘ದೇವದೂತನ ತಾಣ’. 1916ರಲ್ಲಿ ದೇವದೂತ ಇಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಒಂದೇ ಪ್ರಾರ್ಥನೆಯನ್ನು ಮೂರು ಸಲ ಹೇಳಿಸಿದ ಎಂದು ಲೂಸಿಯಾ ಬರೆದಿದ್ದಾರೆ. ಅದರ ಮೊದಲ ಭಾಗದಲ್ಲಿರುವುದು ನಾಲ್ಕೇ ಕೆಲಸ: ದೇವರೇ, ನಿಮ್ಮನ್ನು ನಂಬುತ್ತೇನೆ, ಆರಾಧಿಸುತ್ತೇನೆ, ನಿಮ್ಮಲ್ಲಿ ಭರವಸೆ ಇಡುತ್ತೇನೆ, ಪ್ರೀತಿಸುತ್ತೇನೆ. ಮಕ್ಕಳು ಅರ್ಥಕ್ಕೆ ಮೊದಲು ಭಂಗಿಯನ್ನು ಕಲಿಯುತ್ತಾರೆ. ಅಪ್ಪ ಅಮ್ಮ ಮೊದಲು ಹಣೆ ನೆಲಕ್ಕೆ ತಾಗಿಸಲಿ. ನಿಂತುಕೊಂಡು ಮಗುವಿಗೆ ಮಾತ್ರ ‘ಬಗ್ಗು’ ಎಂದರೆ ಅದು ಕವಾಯತು.

ಅಲ್ಜುಸ್ತ್ರೆಲ್‌ನ ಮನೆಗಳು ತಗ್ಗು, ಕೋಣೆಗಳು ಇಕ್ಕಟ್ಟು. ಗುಂಪು ಬಂದರೆ ಒಳಗೆ ನಿಲ್ಲಲಾಗದು, ಬೇಗ ಹೋಗಿ. ಲೂಸಿಯಾಳ ಮನೆಯ ಹಿತ್ತಲ ಬಾವಿಯ ಬಳಿ ಹೇಳಬೇಕಾದ ಕಥೆ ಜಪಸರದ್ದು, ಅಂದರೆ ಮಣಿ ಎಣಿಸುತ್ತ ಹೇಳುವ ಮರಿಯಳ ಪ್ರಾರ್ಥನೆಯದ್ದು. ಮೇಯಿಸಲು ಹೋದಾಗ ಆಟಕ್ಕೆ ಹೊತ್ತಾಗುತ್ತದೆಂದು ಈ ಮೂವರು ಪ್ರತಿ ಮಣಿಗೆ ಪೂರ್ತಿ ಪ್ರಾರ್ಥನೆಯ ಬದಲು ‘ನಮೋ ಮರಿಯಾ’ ಎಂಬ ಎರಡೇ ಪದ ಹೇಳಿ ಜಪಸರ ಮುಗಿಸುತ್ತಿದ್ದರು. ಮಕ್ಕಳು ಕೆಡುತ್ತಾರೆಂದು ಕೆಲವರು ಇದನ್ನು ಮುಚ್ಚಿಡುತ್ತಾರೆ, ತಪ್ಪು ಲೆಕ್ಕ. ಕಳ್ಳದಾರಿ ಹಿಡಿದವರಲ್ಲೂ ಇಬ್ಬರು, ಫ್ರಾನ್ಸಿಸ್ಕೊ ಮತ್ತು ಜಸಿಂತಾ, ಸಂತರಾದರು ಎಂದು ತಿಳಿದ ಮಗು ನಗುತ್ತಲೇ ಒಂದು ರಹಸ್ಯವನ್ನು, ಅಂದರೆ ಹತ್ತು ಮಣಿಯನ್ನು, ಪೂರ್ತಿ ಹೇಳುತ್ತದೆ. ಐದೂ ರಹಸ್ಯಕ್ಕೆ ಎಳೆದರೆ ಮೂರನೆಯದಕ್ಕೇ ಮಣಿಗಳು ಆಟಿಕೆಯಾಗುತ್ತವೆ.

ಕಷ್ಟದ ಪ್ರಶ್ನೆ ಬರುವುದು ಫ್ರಾನ್ಸಿಸ್ಕೊ ತೀರಿಕೊಂಡ ಕೋಣೆಯಲ್ಲಿ. ಅವನು 1919ರ ಏಪ್ರಿಲ್ 4ರಂದು, ಜಸಿಂತಾ 1920ರ ಫೆಬ್ರವರಿ 20ರಂದು ಲಿಸ್ಬನ್ನಿನ ಆಸ್ಪತ್ರೆಯಲ್ಲಿ ತೀರಿಹೋದರು. “ಒಳ್ಳೆಯವರಾದ್ದರಿಂದ ದೇವರು ಬೇಗ ಕರೆದುಕೊಂಡರು” ಎನ್ನಬೇಡಿ. ರಾತ್ರಿ ಮಲಗುವಾಗ ಮಗು ಒಳ್ಳೆಯದಾಗಲು ಹೆದರುತ್ತದೆ. ಆಗಿನ ಮಹಾ ಇನ್‌ಫ್ಲುಯೆಂಜಾ ಅವರಿಗೂ ತಗುಲಿತು, ನರಳಿದರು, ಯೇಸುವಿನ ಕೈಬಿಡಲಿಲ್ಲ: ಇಷ್ಟು ಸಾಕು, ಇಷ್ಟೇ ನಿಜ. 1917ರ ಜುಲೈನಲ್ಲಿ ಈ ಮಕ್ಕಳು ಕಂಡ ನರಕದರ್ಶನವನ್ನೂ ಚಿಕ್ಕವರಿಗೆ ಬಣ್ಣಿಸುವ ಅಗತ್ಯವಿಲ್ಲ.

ಫಾತಿಮಾದ ಧರ್ಮಕೇಂದ್ರದ ಚರ್ಚಿನಲ್ಲಿ ಮೂವರಿಗೂ ಜ್ಞಾನಸ್ನಾನವಾದ ತೊಟ್ಟಿಯಿದೆ. ಮಗುವಿನ ಜ್ಞಾನಸ್ನಾನದ ಫೋಟೊ ಮೊಬೈಲಿನಲ್ಲಿದ್ದರೆ ಅಲ್ಲೇ ತೋರಿಸಿ. ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿರುವವರಿಗೆ ಈ ಚರ್ಚು ಬೇರೆ ಕಾರಣಕ್ಕೂ ಮುಖ್ಯ. ಲೂಸಿಯಾ ಶಾಲೆಗೆ ಹೋದಾಗ ಫ್ರಾನ್ಸಿಸ್ಕೊ ಇಲ್ಲಿ ಕುಳಿತು ‘ಅಡಗಿರುವ ಯೇಸು’ವಿನ, ಅಂದರೆ ಪರಮಪ್ರಸಾದದ ರೊಟ್ಟಿಯಲ್ಲಿರುವ ಯೇಸುವಿನ, ಜೊತೆ ಹೊತ್ತು ಕಳೆಯುತ್ತಿದ್ದ. ಪರಮಪ್ರಸಾದ ಪೆಟ್ಟಿಗೆಯ ಎದುರು ಎರಡು ನಿಮಿಷ ಮಾತಿಲ್ಲದೆ ಕೂರಲಿ, ಮೂರನೆಯ ನಿಮಿಷ ಕೇಳಬೇಡಿ.

ಸಂಜೆ ಬಯಲಿಗೆ. ಬಸಿಲಿಕದೊಳಗೆ ಮೂವರ ಸಮಾಧಿಗಳಿವೆ. ಮಕ್ಕಳು ಹೆಸರು ಓದಿ ಗುರುತು ಹಿಡಿಯುತ್ತಾರೆ. ಮಾತೆ ಕಾಣಿಸಿಕೊಂಡ ಜಾಗದಲ್ಲಿರುವ ದರ್ಶನದ ಕಿರುದೇಗುಲದ ಪಕ್ಕ ಮೇಣದಬತ್ತಿ ಹಚ್ಚುವ ಜಾಗದಲ್ಲಿ ಎಚ್ಚರ. ಬತ್ತಿಗಳು ಅಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕದ ಕಾವಿಗೆ ಬಗ್ಗಿ ಒಂದರ ಮೇಲೊಂದು ಬೀಳುತ್ತವೆ, ಝಳ ಮಗುವಿನ ಮುಖಕ್ಕೇ ಹೊಡೆಯುತ್ತದೆ. ದೊಡ್ಡವರು ಇಟ್ಟು ಬರಲಿ. ಹರಕೆ ಹೊತ್ತವರು ಮಂಡಿಯಲ್ಲಿ ನಡೆಯುವ ನುಣುಪು ಪಟ್ಟಿಯನ್ನು ಕಂಡರೆ ಮಕ್ಕಳೂ ಶುರುಮಾಡುತ್ತಾರೆ. ಹತ್ತು ಹೆಜ್ಜೆಗೆ ಎಬ್ಬಿಸಿ. ಈ ಮೂವರು ಪ್ರಾಯಶ್ಚಿತ್ತಕ್ಕೆಂದು ಸೊಂಟಕ್ಕೆ ಹಗ್ಗ ಬಿಗಿದುಕೊಂಡಾಗ, ರಾತ್ರಿ ಅದನ್ನು ಕಟ್ಟಿಕೊಂಡು ಮಲಗಬೇಡಿ ಎಂದವಳು ಮಾತೆಯೇ.

ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ 9.30ಕ್ಕೆ ಜಪಸರ, ಆಮೇಲೆ ದೀಪದ ಮೆರವಣಿಗೆ. ಮಧ್ಯಾಹ್ನ ಮಲಗಿಸದಿದ್ದರೆ ಎರಡನೆಯ ರಹಸ್ಯಕ್ಕೇ ಮಗು ತೂಕಡಿಸುತ್ತದೆ. ಬತ್ತಿಗೆ ಕಾಗದದ ಕವಚ ಹಾಕಿ, ಮಗುವಿನ ಕೈಯನ್ನು ಕವಚದ ಕೆಳಗೇ ಹಿಡಿಸಿ. ಓರೆಯಾದರೆ ಮೇಣ ಬೆರಳಿಗೆ ಇಳಿಯುತ್ತದೆ, ಕಾಗದಕ್ಕೂ ಉರಿ ಹತ್ತಬಹುದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ 12, 13ನೇ ತಾರೀಕುಗಳನ್ನು ತಪ್ಪಿಸಿ, ಆಗ ಜನಸಾಗರ. ಮಗು ಗುಂಪಿನಲ್ಲಿ ಕೈತಪ್ಪಿದರೆ ಎಲ್ಲಿ ಸೇರಬೇಕೆಂದು ಮೊದಲೇ ತೋರಿಸಿಡಿ: ಕಿರುದೇಗುಲದ ಹತ್ತಿರದ ದೊಡ್ಡ ಓಕ್ ಮರ. 1917ರಲ್ಲಿ ಮೂವರು ಮಕ್ಕಳು ಜನರೊಂದಿಗೆ ಜಪಸರ ಹೇಳುತ್ತ ಕಾದು ನಿಂತದ್ದೂ ಅದರ ಕೆಳಗೇ.