ಹೊಸ ಅಕ್ಕಿಯ ಹಾಲು ಹಂಚುವ ಮುಂಚೆ

ಸೆಪ್ಟೆಂಬರ್ 8, ಮಧ್ಯಾಹ್ನ ಹನ್ನೆರಡೂವರೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಲಿಪೂಜೆಯ ಪ್ರಾರ್ಥನೆ ಮುಗಿಸಿ ಬಂದವರ ಕೈಯಲ್ಲಿ ಆಶೀರ್ವಾದದ ತೆನೆ, ಮಕ್ಕಳ ಬಾಯಲ್ಲಿ ಕಬ್ಬು. ಒಲೆಯ ಮೇಲೆ ಕೆಸು, ಹರಿವೆ ದಂಟು, ಅಮಟೆಕಾಯಿ ಕುದಿಯುತ್ತಿರುತ್ತವೆ. ಮಂಗಳೂರು ಕಡೆಯ ಕಥೋಲಿಕರಿಗೆ ಇದು ಮೊಂತಿ ಫೆಸ್ತ್: ಮಾತೆ ಮರಿಯಮ್ಮನ ಹುಟ್ಟುಹಬ್ಬವೂ ಹೌದು, ತೆನೆಹಬ್ಬವೂ ಹೌದು. ಅಂದು ಮೀನು-ಮಾಂಸ ಇಲ್ಲ. ಬಾಳೆಎಲೆಗೆ ಬೀಳುವ ಪದಾರ್ಥಗಳ ಲೆಕ್ಕ 3, 5, 7 ಹೀಗೆ ಬೆಸದಲ್ಲೇ ನಿಲ್ಲಬೇಕು.

ಇಗರ್ಜಿಯಲ್ಲಿ ಎಲ್ಲವನ್ನೂ ಗುರುಗಳು ನಡೆಸುತ್ತಾರೆ. ಮನೆಯವರೇ ನಡೆಸಬೇಕಾದದ್ದು ಊಟಕ್ಕೆ ಮುಂಚೆ ಪ್ರಾರ್ಥಿಸಿ, ಹೊಸ ಅಕ್ಕಿಯ ಪುಡಿ ಬೆರೆಸಿದ ಹಾಲು ಹಂಚುವ ಹದಿನೈದು ನಿಮಿಷ ಮಾತ್ರ. ಹೆಚ್ಚಿನ ಸಲ ಕೆಡುವುದೂ ಅದೇ.

ಕಾರಣ ಬೇರೇನಲ್ಲ, ಹಸಿವು ಮತ್ತು ಒದ್ದೆ ಭತ್ತ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ತೆನೆಯಲ್ಲಿ ಅರ್ಧ ಕಾಳು ಹಾಲುಗಟ್ಟಿದ್ದಷ್ಟೇ, ಉಗುರು ತಾಗಿದರೆ ಪಿಚಕ್ಕನೆ ಒಡೆಯುತ್ತದೆ. ಎಲ್ಲರೂ ಎಲೆ ಮುಂದೆ ಕೂತ ಮೇಲೆ ಸಿಪ್ಪೆ ಸುಲಿಯಲು ಹೊರಟರೆ ಕೆಲಸ ಮುಗಿಯುವುದಿಲ್ಲ. ಅರೆಬರೆ ಸುಲಿದ ಕಾಳಿನ ಹೊಟ್ಟು ಮಕ್ಕಳ ಗಂಟಲಿಗೆ ಸಿಕ್ಕಿಕೊಂಡು ಪ್ರಾರ್ಥನೆ ಕೆಮ್ಮಿನಲ್ಲಿ ಮುಗಿಯುತ್ತದೆ. ಮನೆಗೆ ಬಂದ ಕೂಡಲೇ ಬಲಿತ ಕಾಳನ್ನಷ್ಟೇ ಆರಿಸಿ, ಒಲೆಯ ಪಕ್ಕ ಬಿಸಿ ತಾಗುವಲ್ಲಿ ಬಟ್ಟೆಯ ಮೇಲೆ ಹರವಬೇಕು. ಒಬ್ಬರಿಗೆ 3 ಕಾಳು ಧಾರಾಳವಾಯಿತು. ಸುಲಿಯುವ ಕೆಲಸ ಮಕ್ಕಳದ್ದು, ಕುಟ್ಟಿ ಪುಡಿ ಮಾಡುವುದು ಹಿರಿಯರದ್ದು. ಆ ಪುಡಿ ಬೆರೆಸಲು ಐದು ಮಂದಿಗೆ ಅರ್ಧ ಲೀಟರ್ ಹಾಲು. ಬೆಲ್ಲ ಹಾಕುವುದಾದರೆ ಹಾಲು ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯಬಹುದು.

ಇನ್ನು ವಾಚನ. ಅಂದಿನ ಸುವಾರ್ತೆ ಮತ್ತಾಯ 1ನೇ ಅಧ್ಯಾಯ, ಅಬ್ರಹಾಮನಿಂದ ಹಿಡಿದು ಯೇಸುವಿನ ಪೂರ್ವಜರ ಬರೀ ಹೆಸರುಗಳ ಸರಮಾಲೆ. ಇಗರ್ಜಿಯಲ್ಲೇ ಅರ್ಧ ಜನ ಅಲ್ಲಿ ತೂಕಡಿಸುತ್ತಾರೆ, ಮನೆಯಲ್ಲಿ ಕೇಳುವುದೇ ಬೇಡ. ಹಾಗಂತ ಅದನ್ನು ಹಾರಿಸಿ 18ನೇ ವಚನಕ್ಕೆ ಹೋಗಬೇಡಿ. ಎರಡು ವಚನಕ್ಕೊಬ್ಬರಂತೆ ಹಂಚಿಕೊಂಡು ಓದಿ. ನಾಲಿಗೆ ತೊಡರಿದರೆ ತೊಡರಲಿ, ಮಕ್ಕಳು ನಗಲಿ. ನಡುವೆ ತಾಮಾರ್, ರಾಹಾಬ್, ರೂತ್ ಎಂಬ ಹೆಂಗಸರ ಹೆಸರು ಬಂದಾಗ ಒಂದು ಕ್ಷಣ ನಿಲ್ಲಿ, ಇವರು ಯಾರು ಎಂದು ಕೇಳಿ. ಓದು ಮುಗಿದ ಕೂಡಲೇ ನಮ್ಮ ಮನೆಯ ಪಟ್ಟಿ: ಅಜ್ಜ, ಅಜ್ಜಿ, ಅವರ ಅಪ್ಪ-ಅಮ್ಮ, ಯಾರ ಹೆಸರು ನೆನಪಿದೆಯೋ ಅಷ್ಟನ್ನೂ ಗಟ್ಟಿಯಾಗಿ ಹೇಳುವುದು. ಸಾಮಾನ್ಯವಾಗಿ ಮೂರನೇ ತಲೆಮಾರಿಗೇ ನಿಂತುಹೋಗುತ್ತದೆ. ಸತ್ತವರಿಗಾಗಿ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಆಮೇಲೆ ಮನೆಯ ಹಿರಿಯರು ಹಾಲು ಹಂಚುತ್ತಾರೆ, ಕಿರಿಯರು ಒಬ್ಬೊಬ್ಬರಾಗಿ ಬಂದು ‘ಬೆಸಾಂವ್’ (ಆಶೀರ್ವಾದ) ಬೇಡುತ್ತಾರೆ. ಇಲ್ಲಿ ಫೋಟೋ ತೆಗೆಯುವವರನ್ನು ಸ್ವಲ್ಪ ದೂರ ಇಡಬೇಕು. ‘ಇನ್ನೊಂದ್ಸಲ ಕೈ ಮುಗಿ’ ಅಂದರೆ ಮಗುವಿಗೆ ಅದು ನಾಟಕವಾಗುತ್ತದೆ.

ಈ ಹದಿನೈದು ನಿಮಿಷ ಕೂರಲು ಮಕ್ಕಳು ಕಲಿಯುವುದು ಆಗಸ್ಟ್ 30ರಿಂದ ಶುರುವಾಗುವ ಒಂಬತ್ತು ದಿನದ ಪ್ರಾರ್ಥನೆ ನೊವೇನಾದಲ್ಲಿ, ಅದೂ ಮರಿಯಮ್ಮನಿಗೆ ಅರ್ಪಿಸುವ ಹೂ ಕೊಯ್ಯುವುದರಲ್ಲಿ. ಪೇಟೆಯಿಂದ ಒಂಬತ್ತು ದಿನವೂ ಸೇವಂತಿಗೆ ಕೊಂಡು ಬುಟ್ಟಿಗೆ ಸುರಿದರೆ ಮಗು ಬರೀ ಹೊರುವ ಆಳು. ದಾಸವಾಳದ ಮೊಗ್ಗು ಹಿಂದಿನ ಸಂಜೆಯೇ ಕೊಯ್ದರೆ ಬೆಳಿಗ್ಗೆ ಅರಳುತ್ತದೆ; ಮಳೆಗೆ ನೆನೆದ ಹೂವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಕೊಳೆಯುತ್ತದೆ. ಬಾಳೆಎಲೆ ಹಾಸಿದ ಬುಟ್ಟಿ ಒಳ್ಳೆಯದು. ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಪೂರ್ತಿ ಐದು ದಶಕ, ಅಂದರೆ ಹತ್ತು ಮಣಿಯ ಐದು ಸುತ್ತು, ಆಗದ ಮನೆಯಲ್ಲಿ ಒಂದೇ ದಶಕ ಹೇಳಿ, ಆದರೆ ಒಂಬತ್ತು ದಿನವೂ ತಪ್ಪಿಸಬೇಡಿ.

ಗಲ್ಫಿನಲ್ಲೋ ಮುಂಬೈಯಲ್ಲೋ ಇರುವವರಿಗೆ ಕಾಳು ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಎರಡು ದಿನ ಚೆನ್ನಾಗಿ ಒಣಗಿಸಿಯೇ ಲಕೋಟೆಗೆ ಹಾಕಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ನಮ್ಮ ಮನೆಯ ಆ ಹೆಸರುಗಳ ಪಟ್ಟಿಯನ್ನೂ ಒಂದು ಚೀಟಿಯಲ್ಲಿ ಬರೆದು ಹಾಕಿ.