ಮೂರನೇ ಹನಿ

ಪೀಣ್ಯದ ಲ್ಯಾಬಿನಲ್ಲಿ ನಾನು ದಿನವೂ ಕಾಯುವುದು ಮೂರನೇ ಹನಿಗೆ. ಹಿಮಕ್ಕೆ, ಮಳೆಗೆ ಅಂತ ಮಾಡುವ ಜಾಕೆಟ್ಟಿನ ಬಟ್ಟೆಯನ್ನು 100 ಚದರ ಸೆಂಟಿಮೀಟರ್ ಬಾಯಿಯ ಉಂಗುರಕ್ಕೆ ಬಿಗಿದು, ಕೆಳಗಿನಿಂದ ನೀರಿನ ಒತ್ತಡ ಏರಿಸುತ್ತಾ ಹೋಗುತ್ತೇವೆ. ನಿಮಿಷಕ್ಕೆ 60 ಸೆಂಟಿಮೀಟರ್ ನೀರಿನ ಎತ್ತರದಷ್ಟು. ಬಟ್ಟೆ ಪೂರಿಯ ಹಾಗೆ ಉಬ್ಬುತ್ತದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ಮಿನುಗು. ನೋಡುತ್ತಿದ್ದ ಹಾಗೆ ಅದು ಸಾಸಿವೆಕಾಳಿನಷ್ಟಾಗುತ್ತದೆ. ಅದು ಮೊದಲ ಹನಿ. ಇನ್ನೊಂದು ಮೂಲೆಯಲ್ಲಿ ಎರಡನೆಯದು. ಮೂರನೆಯದು ಕಂಡ ಕ್ಷಣದ ಅಂಕಿಯೇ ಆ ಬಟ್ಟೆಯ ತಾಕತ್ತು. ಜಾಕೆಟ್ಟಿನ ಚೀಟಿಯಲ್ಲಿ 10,000 ಮಿ.ಮೀ. ಅಂತ ಬರೆದಿರುತ್ತಾರಲ್ಲ, ಅದು ಇದೇ. ಹತ್ತು ಮೀಟರ್ ನೀರಿನ ಕಂಬ ಹೊತ್ತ ಬಟ್ಟೆ. ಅಷ್ಟು ಏರಲು ಸುಮಾರು 17 ನಿಮಿಷ ಬೇಕು, ಅಷ್ಟೂ ಹೊತ್ತು ಕಣ್ಣು ಕದಲಿಸುವ ಹಾಗಿಲ್ಲ.

ಎಷ್ಟೋ ಸಲ ಬಟ್ಟೆ ಗೆಲ್ಲುತ್ತದೆ, ಹೊಲಿಗೆ ಸೋಲುತ್ತದೆ. ಸೂಜಿ ಇಳಿದ ಕಡೆಯೆಲ್ಲ ತೂತು ತಾನೆ? ಆ ತೂತುಗಳ ಮೇಲೆ ಒಳಗಿನಿಂದ ಬಿಸಿಗಾಳಿಯಲ್ಲಿ ಟೇಪ್ ಅಂಟಿಸುತ್ತಾರೆ. ಕಂಕುಳಿನಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಕೂಡುತ್ತವೆ. ಆ ಜಾಗದಲ್ಲಿ ಟೇಪ್ ಒಂದು ಕೂದಲೆಳೆಯಷ್ಟು ಎದ್ದಿದ್ದರೂ ಸಾಕು, ಸೋರುತ್ತದೆ. ಸ್ಯಾಂಪಲ್ ಬಂದ ಕೂಡಲೇ ನನ್ನ ಹೆಬ್ಬೆರಳು ಮೊದಲು ಹೋಗುವುದು ಅಲ್ಲಿಗೇ.

ಆದರೆ ಎಂಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನಿಸಿರುವುದು ಬೇರೆ. ಹೊರಗಿನ ನೀರನ್ನು ತಡೆಯುವುದು ಕಷ್ಟವೇ ಅಲ್ಲ. ಪ್ಲಾಸ್ಟಿಕ್ ಚೀಲವೂ ತಡೆಯುತ್ತದೆ. ಒಳಗಿನ ಬೆವರನ್ನು ಆಚೆ ಕಳಿಸುವುದು ಕಷ್ಟ. ಚಳಿಗೆ ಬಟ್ಟೆ ಅಂದರೆ ದಪ್ಪ ಬಟ್ಟೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಮ್ಮನ್ನು ಬೆಚ್ಚಗಿಡುವುದು ದಾರವಲ್ಲ, ದಾರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಗಾಳಿಯ ಜಾಗಕ್ಕೆ ಬೆವರು ಬಂದು ಕೂತರೆ ಕೆಲಸ ಕೆಟ್ಟಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಸಾಗಿಸಿಬಿಡುತ್ತದೆ.

ಇದನ್ನು ಅಳೆಯಲು ಇನ್ನೊಂದು ಯಂತ್ರವಿದೆ. ನಾವು ಅದನ್ನು ಹಂಚು ಅಂತಲೇ ಕರೆಯುವುದು. ಸಣ್ಣ ಸಣ್ಣ ರಂಧ್ರಗಳ ಲೋಹದ ತಟ್ಟೆ, ನಮ್ಮ ಚರ್ಮದ ಹಾಗೆ 35 ಡಿಗ್ರಿಯಲ್ಲಿ ಬೆವರುತ್ತಾ ಇರುತ್ತದೆ. ಮೇಲೆ ಬಟ್ಟೆ ಹಾಸಿ, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಗಾಳಿ ಬಿಡುತ್ತೇವೆ. ಆವಿ ಹೊರಗೆ ಹೋದಷ್ಟೂ ಹಂಚು ತಣ್ಣಗಾಗಲು ನೋಡುತ್ತದೆ, ಅದನ್ನು 35ರಲ್ಲೇ ಹಿಡಿದಿಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಲೆಕ್ಕ. ಅದರಿಂದ ಬಟ್ಟೆಯ ಅಡ್ಡಿ ಎಷ್ಟು ಅಂತ ಅಂಕಿ ಸಿಗುತ್ತದೆ. 6ಕ್ಕಿಂತ ಕಡಿಮೆ ಬಂದರೆ ಬಟ್ಟೆ ಚೆನ್ನಾಗಿ ಉಸಿರಾಡುತ್ತದೆ. 20 ದಾಟಿದರೆ ನಡೆಯುವವರಿಗೆ ಒಳಗೆಲ್ಲ ಧಗೆ.

ಅಂಕಿಯಲ್ಲಿ ಗೊತ್ತಿದ್ದದ್ದು ಮೈಗೆ ಗೊತ್ತಾಗಿದ್ದು 2022ರ ಡಿಸೆಂಬರ್‌ನಲ್ಲಿ, ಉತ್ತರಾಖಂಡದ ಕೇದಾರಕಂಠದಲ್ಲಿ. ಲ್ಯಾಬಿನ ನಾಲ್ಕು ಜನ ಹೋಗಿದ್ದೆವು. ಬೆಳಗಿನ ಜಾವ ಮೂರಕ್ಕೆ ತುದಿಯ ಕಡೆ ಹೊರಟೆವು. ನನ್ನ ಜಾಕೆಟ್ಟಿನ ಜಿಪ್ ಹಿಂದಿನ ದಿನ ಕಿತ್ತುಹೋಗಿತ್ತು, ಹಾಗಾಗಿ ಬಾಡಿಗೆಗೆ ತಂದ ಒಂದನ್ನು ಹಾಕಿಕೊಂಡಿದ್ದೆ. ಒಳಗೆ ಹತ್ತಿಯ ಟೀ ಶರ್ಟ್. ಏರು ಹತ್ತುವಾಗ ಚಳಿಯೇ ಗೊತ್ತಾಗಲಿಲ್ಲ, ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಸಂತೋಷವಾಗಿಯೇ ಇದ್ದೆ. ಬೆಟ್ಟದ ಬಯಲಾದ ಅಂಚಿಗೆ ಬಂದು, ಮುಂದಿನವರು ಸರಿಯಲಿ ಅಂತ ಹತ್ತು ನಿಮಿಷ ನಿಂತೆವು. ಗಾಳಿ ಶುರುವಾಯಿತು. ಟೀ ಶರ್ಟ್ ಒದ್ದೆ ಗೋಣಿಯ ಹಾಗೆ ಬೆನ್ನಿಗೆ ಅಂಟಿತು. ಹಲ್ಲು ಕಟಕಟ ಅನ್ನಲು ಶುರುವಾಗಿ, ಕೈಬೆರಳು ಮಡಚಲು ಬರದೆ, ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಆಗಲಿಲ್ಲ. ಜೊತೆಯಲ್ಲಿದ್ದವಳು ನನ್ನನ್ನು ಬಂಡೆಯ ಮರೆಗೆ ಎಳೆದು, ಅಲ್ಲೇ ಟೀ ಶರ್ಟ್ ಬಿಚ್ಚಿಸಿ, ತನ್ನ ಉಣ್ಣೆಯ ಒಳಂಗಿ ತೊಡಿಸಿದಳು. ಕಾಲು ಗಂಟೆಯಲ್ಲಿ ಬೆರಳು ಬಂದವು. ಅವಳ ಋಣ ನನ್ನ ಮೇಲಿದೆ.

ಉಣ್ಣೆಯ ವಿಷಯ ನನಗೆ ಹೊಸದಾಗಬಾರದಿತ್ತು. ನಮ್ಮದು ಚಳ್ಳಕೆರೆ ಕಡೆ, ಅಪ್ಪ ಗುಣಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಮಗ್ಗದ ಉದ್ದನೆಯ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿದು ಒಣಗಿಸುವುದು ನನ್ನ ಮತ್ತು ಅಮ್ಮನ ಕೆಲಸ. ಆ ವಾಸನೆ ಇವತ್ತಿಗೂ ನನ್ನ ಅಂಗೈಯಲ್ಲಿದೆ ಅನಿಸುತ್ತದೆ. ಕುರಿ ಕಾಯುವವರು ಅದೇ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡು ಮಳೆಯಲ್ಲಿ ನಿಂತೇ ಇರುತ್ತಿದ್ದರು. ‘ಕಂಬ್ಳಿ ನೆಂದ್ರೂ ಮೈ ತಣ್ಣಗಾಗಲ್ಲ ಕಣಮ್ಮ’ ಅನ್ನುತ್ತಿದ್ದರು ಅಪ್ಪ. ಬೆಂಗಳೂರು ಕೆ.ಆರ್. ಸರ್ಕಲ್‌ನ ಎಸ್.ಕೆ.ಎಸ್.ಜೆ.ಟಿ.ಐ. ಕಾಲೇಜಿನಲ್ಲಿ ಟೆಕ್ಸ್‌ಟೈಲ್ ಓದುವಾಗ ಕಾರಣ ತಿಳಿಯಿತು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಎಳೆಯ ಒಳಕ್ಕೇ ಎಳೆದುಕೊಳ್ಳುತ್ತದೆ, ಮೇಲ್ಮೈ ಒದ್ದೆ ಅನಿಸುವುದಿಲ್ಲ. ಎಳೆದುಕೊಳ್ಳುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ.

ಓದುತ್ತಿದ್ದಾಗಲೇ, 2016ರ ಫೆಬ್ರವರಿ 3ರಂದು, ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕ ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಫೆಬ್ರವರಿ 11ರಂದು ತೀರಿಕೊಂಡರು. ಹಾಸ್ಟೆಲ್ಲಿನ ಟಿವಿ ಮುಂದೆ ನಾವೆಲ್ಲ ಅತ್ತಿದ್ದೆವು. ಮೈನಸ್ 40, 50 ಡಿಗ್ರಿಯಲ್ಲಿ ಮನುಷ್ಯನ ಮೈಮೇಲೆ ಏನಿರಬೇಕು ಅನ್ನುವ ಪ್ರಶ್ನೆ ಅವತ್ತು ಹೊಕ್ಕಿದ್ದು ಇನ್ನೂ ಹೋಗಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ‘ಕ್ಲೋ’ ಅನ್ನುವ ಅಳತೆ ಹುಟ್ಟಿದ್ದು 1941ರಲ್ಲಿ. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕೂತವರು ಹಿತವಾಗಿರಲು ಬಟ್ಟೆ ಎಷ್ಟು ಬೆಚ್ಚಗಿಡಬೇಕೋ ಅಷ್ಟು ಒಂದು ಕ್ಲೋ. ಕೂತವನಿಗೆ ಬೇಕಾದದ್ದು ಒಂದು, ಹತ್ತುವವನಿಗೆ ಬೇಕಾದದ್ದು ಇನ್ನೊಂದು. ಒಬ್ಬನೇ ಮನುಷ್ಯ ಒಂದೇ ಗಂಟೆಯಲ್ಲಿ ಎರಡೂ ಆಗಿರುತ್ತಾನೆ. ಅದಕ್ಕೇ ಪದರ ಪದರವಾಗಿ ತೊಡುವುದು. 1924ರಲ್ಲಿ ಎವರೆಸ್ಟ್‌ನಲ್ಲಿ ಕಾಣೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆ, ಎಲ್ಲಕ್ಕೂ ಹೊರಗೆ ಒತ್ತಾಗಿ ನೇಯ್ದ ಗ್ಯಾಬರ್ಡಿನ್. ಅದೇ ರೀತಿ ಹೊಲಿಸಿದ ಬಟ್ಟೆಯನ್ನು 2006ರಲ್ಲಿ ಎವರೆಸ್ಟಿನಲ್ಲೇ ತೊಟ್ಟು ನೋಡಿದರು, ಹಗುರವಾಗಿ ಹಿತವಾಗಿದೆ ಅಂದರು.

ಇಷ್ಟೆಲ್ಲ ಬರೆಯಲು ಕೂತಿದ್ದು ಲಗ್ಗೆರೆಯ ನಮ್ಮ ಬೀದಿ ಗುಡಿಸುವ ಅಕ್ಕನಿಂದ. ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಆರೂವರೆಗೆ, ಜೋರು ಮಳೆಯಲ್ಲಿ, ರೇನ್‌ಕೋಟನ್ನು ಗಾಡಿಯ ಹಿಡಿಗೆ ನೇತುಹಾಕಿ ನೆನೆಯುತ್ತಾ ಗುಡಿಸುತ್ತಿದ್ದರು. ಯಾಕಕ್ಕ ಅಂದೆ. ‘ಹಾಕ್ಕೊಂಡ್ರೂ ಒಳಗೆ ನೆನೀತೀನಿ, ಹಾಕ್ಕೊಳ್ದಿದ್ರೂ ನೆನೀತೀನಿ. ಹಾಕ್ಕೊಂಡ್ರೆ ಉಸಿರೂ ಕಟ್ಟುತ್ತೆ ಕಣಮ್ಮ’ ಅಂದರು. ಆ ಕೋಟಿನ ಒಂದು ಚೂರನ್ನು ಮೇಲಿನವರನ್ನು ಕೇಳಿ ಹಂಚಿನ ಮೇಲೆ ಇಟ್ಟು ನೋಡಿದೆ. ಆವಿ ಹೊರಗೆ ಬರಲೇ ಇಲ್ಲ. ಹಿಮದಲ್ಲಿ ಹತ್ತುವವರಿಗಾಗಿ ಇಷ್ಟು ದಶಕ ತಲೆ ಕೆಡಿಸಿಕೊಂಡು ಕಂಡುಕೊಂಡ ವಿದ್ಯೆ ಈ ಕೋಟಿನ ಹತ್ತಿರಕ್ಕೂ ಬಂದಿಲ್ಲ. ಮೂರು ಗಂಟೆ ಬಗ್ಗಿ ಗುಡಿಸುವ ಮೈ ಬೆಟ್ಟ ಹತ್ತುವ ಮೈಯ ಹಾಗೇ ಬೆವರುತ್ತದೆ. ನನಗೆ ನಿಜಕ್ಕೂ ಸಿಟ್ಟು ಬಂತು.

ಉಸಿರಾಡುವ ಬಟ್ಟೆ ದುಬಾರಿ. ಆದರೆ ಗಾಳಿ ಆಡಲು ದಾರಿ ಮಾಡುವುದಕ್ಕೆ ದುಬಾರಿ ಬಟ್ಟೆಯೇ ಬೇಕೆಂದಿಲ್ಲ. ಎರಡು ಭಾನುವಾರ ಕೂತು, ಅಂಥದೇ ಒಂದು ಕೋಟಿನ ಕಂಕುಳಿನಲ್ಲಿ ಗೇಣುದ್ದ ಜಿಪ್ ಇಟ್ಟೆ. ಬೆನ್ನಿಗೆ ಅಡ್ಡಲಾಗಿ ಕತ್ತರಿಸಿ, ಒಳಗೆ ಜಾಲರಿ, ಮೇಲೆ ನೀರು ಇಳಿಯದ ಹಾಗೆ ಇನ್ನೊಂದು ಪಟ್ಟಿ. ಹೊಲಿಗೆಗೆಲ್ಲ ಟೇಪ್ ಇಸ್ತ್ರಿ ಪೆಟ್ಟಿಗೆಯಲ್ಲೇ ಹಾಕಿದೆ.

ಅಕ್ಕ ಒಂದು ವಾರ ತೊಟ್ಟು ನೋಡಿ ವಾಪಸ್ ತಂದರು. ಕಂಕುಳು ಹಿತವಾಗಿದೆಯಂತೆ. ಬಗ್ಗಿದಾಗ ಬೆನ್ನಿನ ಪಟ್ಟಿ ಬಾಯಿ ಬಿಡುತ್ತದೆ, ಅಲ್ಲಿ ನೀರು ನುಗ್ಗುತ್ತದೆಯಂತೆ. ನಾನು ಅದನ್ನು ನೇರ ನಿಂತ ಬೊಂಬೆಯ ಮೇಲೆ ಅಳತೆ ಮಾಡಿದ್ದೆ. ಆಮೇಲೆ ಅವರು ಇನ್ನೊಂದು ಹೇಳಿದರು. ‘ಟೋಪಿ ಹಾಕ್ಕೊಂಡ್ರೆ ಹಿಂದಿನಿಂದ ಬರೋ ಗಾಡಿ ಸದ್ದೇ ಕೇಳಲ್ಲಮ್ಮ. ಅದಕ್ಕೇ ಯಾರೂ ಟೋಪಿ ಹಾಕ್ಕೊಳಲ್ಲ.’

ನಾನು ಓದಿದ ಯಾವ ಪರೀಕ್ಷೆಯಲ್ಲೂ ಈ ಮಾತು ಕಂಡಿರಲಿಲ್ಲ. ಟೋಪಿ ಈಗ ನನ್ನ ಮೇಜಿನ ಮೇಲಿದೆ, ಕಿವಿಯ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಅಲ್ಲಿ ಜಾಲರಿ ಕೂರಿಸಿದರೆ ಮಳೆ ಯಾವ ಕೋನದಲ್ಲಿ ಒಳಗೆ ಬರುತ್ತದೆ ಅಂತ ಶನಿವಾರ ಟೆರೇಸಿನಲ್ಲಿ ಪೈಪ್ ಹಿಡಿದು ನೋಡಬೇಕು. ಅಕ್ಕ ತಾವೇ ಬಂದು ಬಗ್ಗಿ ನಿಲ್ಲುತ್ತೇನೆ ಅಂದಿದ್ದಾರೆ.