ರಿಪೇರಿ ನಡೆಯುವಾಗ ಮನೆಮಂದಿಯೆಲ್ಲ ಎಲ್ಲಿದ್ದಿರಿ?

ಸಾಗರ ತಾಲ್ಲೂಕಿನ ಒಳಹಳ್ಳಿಯೊಂದರಲ್ಲಿರುವ ನಮ್ಮ ಹಳೆಯ ಮನೆಯನ್ನು ಕೆಡವದೆ ಸರಿಪಡಿಸಿಕೊಂಡಂದಿನಿಂದ, ನೋಡಲು ಬಂದವರು ಮೊದಲು ಖರ್ಚಿನ ಲೆಕ್ಕ ಕೇಳಬಹುದೆಂದು ನಾನು ತಿಳಿದಿದ್ದೆ. ಆದರೆ ಹೆಚ್ಚಿನವರು ಕೇಳುವುದು ಬೇರೆ: "ಇಷ್ಟೆಲ್ಲ ಕೆಲಸ ನಡೆಯುವಾಗ ನೀವೆಲ್ಲ ಎಲ್ಲಿದ್ದಿರಿ?" ಇದೇ ಮನೆಯಲ್ಲಿದ್ದೆವು ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಕೆಲಸ ನಡೆದದ್ದು ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಎಂದು ತಿಳಿದ ಮೇಲಂತೂ, ಮಳೆ ಪೂರ್ತಿ ಹೊರಡುವ ಮೊದಲೇ ಯಾರಾದರೂ ಮಾಡು (ಹೆಂಚಿನ ಚಾವಣಿ) ಬಿಚ್ಚುತ್ತಾರೆಯೇ ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಈ ಎರಡು ಪ್ರಶ್ನೆಗಳಿಗೂ ಒಂದಕ್ಕೊಂದು ಸಂಬಂಧವಿರುವುದರಿಂದ ಒಟ್ಟಿಗೇ ಉತ್ತರಿಸುತ್ತೇನೆ.

ಮನೆ ಬಿಟ್ಟು ಹೋಗದಿರಲು ಎಲ್ಲರಿಗೂ ಹೊಳೆಯುವ ಕಾರಣಗಳು ಇದ್ದೇ ಇದ್ದವು. ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿದ್ದವು, ದೇವರ ಮುಂದೆ ಎರಡು ಹೊತ್ತೂ ದೀಪ ಹಚ್ಚಬೇಕಾಗಿತ್ತು, ತೋಟಕ್ಕೆ ದಿನವೂ ಹೋಗಬೇಕಾಗಿತ್ತು. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಅಲ್ಲಿಂದ ಇದನ್ನೆಲ್ಲ ನಡೆಸುವುದು ಸಾಧ್ಯವಿರಲಿಲ್ಲ. ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ಇವುಗಳಲ್ಲಿ ಯಾವುದೂ ಅಲ್ಲ. ಹೊಸ ಮನೆಯನ್ನು ನಕ್ಷೆ ನೋಡಿ ಕಟ್ಟಬಹುದು. ಹಳೆಯ ಮನೆಗೆ ಅಂಥ ನಕ್ಷೆ ಇರುವುದಿಲ್ಲ. ಗೋಡೆಯ ಗಾರೆ ಉದುರಿಸಿದಾಗ, ಹೆಂಚು ಎತ್ತಿದಾಗ, ನೆಲ ಅಗೆದಾಗ ಒಳಗೆ ಏನು ಕಾಣುತ್ತದೋ ಅದನ್ನು ನೋಡಿಯೇ ಮುಂದಿನದನ್ನು ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನದ ಹೊತ್ತು ಬೆಳಗ್ಗೆ ಹತ್ತಕ್ಕೋ ಹನ್ನೊಂದಕ್ಕೋ, ಹೇಳದೆ ಕೇಳದೆ ಬರುತ್ತದೆ. ಆಗ ಆ ಗೋಡೆಯ ಪಕ್ಕದಲ್ಲಿ ಬದುಕಿದವರು ಅಲ್ಲಿಲ್ಲದಿದ್ದರೆ ಮೇಸ್ತ್ರಿ ತನಗೆ ತಿಳಿದಂತೆ ಮಾಡಿ ಮುಗಿಸುತ್ತಾನೆ. ಅದು ಅವನ ತಪ್ಪೂ ಅಲ್ಲ.

ಇನ್ನು ಶರದೃತುವಿನ ಮಾತು. ನಮ್ಮ ಕಡೆ ಹೆಂಚು ಕೈಯಾಡಿಸುವ ಕೆಲಸವೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ನಡೆಯುವುದು ವಾಡಿಕೆ. ಒಡೆದ ನಾಲ್ಕು ಹೆಂಚು ಬದಲಿಸುವುದಕ್ಕೆ ಆ ಕಾಲವೇ ಸರಿ. ದೊಡ್ಡ ರಿಪೇರಿಗೆ ಅದು ಸರಿಯಾದ ಕಾಲವೆಂದು ನನಗೆ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ತಳ ಹಿಡಿದಿರುತ್ತದೆ, ಮದುವೆ ಉಪನಯನಗಳ ಗಡಿಬಿಡಿ ಇರುತ್ತದೆ, ಇಡೀ ಊರೇ ಮರಗೆಲಸದ ಆಚಾರಿಗಳನ್ನು ಕರೆಯುತ್ತಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಾಡು ಎಲ್ಲಿ ಸೋರುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ನೆನಪಿರುವುದಿಲ್ಲ. ಮಳೆಗಾಲ ಕಳೆದ ಕೂಡಲೇ ನೋಡಿದರೆ ಗೋಡೆಯೇ ಎಲ್ಲವನ್ನೂ ತೋರಿಸುತ್ತದೆ: ಯಾವ ಮೂಲೆಯಲ್ಲಿ ಹಸಿರು ಪಾಚಿ, ಎಲ್ಲಿ ನೀರಿಳಿದ ಕಂದು ಗೆರೆ, ಯಾವ ಕೋಣೆಯ ಬುಡದಲ್ಲಿ ಥಂಡಿ ಏರಿದೆ, ಎಲ್ಲವೂ ಹಸಿಹಸಿಯಾಗಿ ಕಾಣುತ್ತದೆ. ಬಾವಿ ತುಂಬಿರುತ್ತದೆ. ಗಾರೆಗೂ ನೆಲಕ್ಕೂ ನೀರುಣಿಸುವ ಚಿಂತೆ ಇರುವುದಿಲ್ಲ.

ಆದರೆ ಈ ಅವಧಿ ಬಹಳ ಕಿರಿದು. ಭಾದ್ರಪದದ ಕೃಷ್ಣಪಕ್ಷ ಪಿತೃಪಕ್ಷವಾದ್ದರಿಂದ ಆಗ ಹೊಸ ಕೆಲಸ ಶುರುಮಾಡುವಂತಿಲ್ಲ. ನವರಾತ್ರಿಯಲ್ಲಿ ಆಯುಧಪೂಜೆಗೆ ಆಚಾರಿಗಳು ಉಳಿ, ಗರಗಸ, ಕೊಡತಿಗಳನ್ನೆಲ್ಲ ತೊಳೆದು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ವಿಜಯದಶಮಿ ಮೂರೂವರೆ ಶುಭದಿನಗಳಲ್ಲಿ ಒಂದಾದ್ದರಿಂದ ಪಂಚಾಂಗ ನೋಡುವ ಅಗತ್ಯವಿಲ್ಲದೆ ಅಂದೇ ಕೆಲಸ ಆರಂಭವಾಯಿತು. ಅತ್ತ ನವೆಂಬರಿನಲ್ಲಿ ಅಡಿಕೆ ಕೊಯ್ಲು ಹತ್ತಿಕೊಂಡರೆ ಅಂಗಳ, ಜಗಲಿ, ಅಟ್ಟ, ಬೇಯಿಸುವ ಹಂಡೆ, ಸುಲಿಯಲು ಬರುವ ಜನ, ಯಾವುದೂ ಮನೆಯ ರಿಪೇರಿಗೆ ಸಿಗುವುದಿಲ್ಲ. ಗಾರೆಗೆ ಬೇಕಾದ ಸುಣ್ಣವನ್ನು ಮಾತ್ರ ಬಹಳ ದಿನ ಮೊದಲೇ ನೆನೆಹಾಕಬೇಕಾಗಿದ್ದರಿಂದ, ಅದು ಪಿತೃಪಕ್ಷದೊಳಗೆ ಬಂತು. ಅತ್ತೆ ಆಕ್ಷೇಪವೆತ್ತಿದಾಗ, ಸುಣ್ಣ ನೆನೆಯುವುದು ಕೆಲಸದ ಸಿದ್ಧತೆಯೇ ಹೊರತು ಆರಂಭವಲ್ಲ ಎಂದು ಮಾವ ತೀರ್ಪು ಕೊಟ್ಟರು. ಮನೆಯ ಧರ್ಮಶಾಸ್ತ್ರದಲ್ಲಿ ಇಂಥ ಅನುಕೂಲಗಳು ಇರಬೇಕಾದದ್ದೇ.

ಮಾಡು ಬಿಚ್ಚುವಾಗ ಇಡೀ ಮನೆಯನ್ನು ಒಮ್ಮೆಗೇ ತೆರೆಯಲಿಲ್ಲ. ಬೆಳಗ್ಗೆ ಒಂದು ಅಂಕಣದ ಹೆಂಚು ಇಳಿಸಿ, ಹಾಳಾದ ಪಕಾಸು (ಮಾಡಿನ ಇಳಿಜಾರು ತೊಲೆ) ಮತ್ತು ಹೆಂಚು ಕೂರುವ ರೀಪುಪಟ್ಟಿಗಳನ್ನು ಬದಲಿಸಿ, ಮಧ್ಯಾಹ್ನ ಮೂರರೊಳಗೆ ಮತ್ತೆ ಹೊದಿಸಬೇಕು ಎಂಬುದು ಆಚಾರಿಗಳೊಡನೆ ಮೊದಲೇ ಆದ ಒಪ್ಪಂದ. ಅಕ್ಟೋಬರಿನ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬರುವುದು. ಅದರಲ್ಲೂ ಚಿತ್ತಾ ನಕ್ಷತ್ರದ ಮಳೆಯನ್ನು ಹಳಬರು ಕುರುಡು ಚಿತ್ತೆ ಎನ್ನುತ್ತಾರೆ; ಪಕ್ಕದ ಗದ್ದೆಗೆ ಸುರಿದು ನಮ್ಮ ಗದ್ದೆಯನ್ನು ಹಾಗೆಯೇ ಬಿಡುವಂಥದ್ದು. ನೂರು ಚದರ ಅಡಿ ಮಾಡಿಗೆ ಸುಮಾರು 140 ಮಂಗಳೂರು ಹೆಂಚು ಬೇಕು, ಒಂದೊಂದೂ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಇಳಿಸಿದ್ದನ್ನೆಲ್ಲ ಅದೇ ದಿನ ಮತ್ತೆ ಏರಿಸುವುದೆಂದರೆ ಕೈಗೆ ಬರುವ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ದಸರಾ ರಜೆಯಲ್ಲಿದ್ದ ಮಕ್ಕಳು ಹೆಂಚಿನ ಬೆನ್ನ ಮೇಲಿನ ಅಚ್ಚು ಓದುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡರು. ಕೆಲವು ಹೆಂಚುಗಳಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯ ಹೆಸರಿನೊಡನೆ 1865 ಎಂದಿತ್ತು. ಅದನ್ನು ಕಂಡು ಮನೆಗೆ ನೂರೈವತ್ತು ವರ್ಷ ದಾಟಿದೆ ಎಂದು ಊರೆಲ್ಲ ಸಾರಿದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ನಮ್ಮ ಹೆಂಚು ಸುಟ್ಟ ವರ್ಷವಲ್ಲ ಎಂದು ವಿವರಿಸುವಷ್ಟರಲ್ಲಿ ಸುದ್ದಿ ನೆಂಟರ ವಾಟ್ಸಾಪ್ ಗುಂಪನ್ನೂ ಮುಟ್ಟಿ, ಬೆಂಗಳೂರಿನ ಭಾವನವರಿಂದ ಅಭಿನಂದನೆಯೂ ಬಂದಿತ್ತು.

ಮನೆಯಲ್ಲೇ ಇದ್ದದ್ದರಿಂದ ಆದ ಲಾಭವನ್ನು ಹೇಳಬೇಕಾದರೆ ಅಡುಗೆಮನೆಯ ಮಾಡಿನ ಕಥೆಯನ್ನೇ ಹೇಳಬೇಕು. ಅಲ್ಲಿನ ಪಕಾಸುಗಳು ತಲೆಮಾರುಗಳ ಹೊಗೆ ಕುಡಿದು ಇದ್ದಿಲಿನಂತೆ ಕಪ್ಪಾಗಿದ್ದವು. ನೋಡಿದವರಿಗೆಲ್ಲ ಮೊದಲು ತೆಗೆಯಬೇಕಾದದ್ದು ಅವೇ ಎನ್ನಿಸುತ್ತಿತ್ತು. ಹೊಸ ಮರದ ಪಟ್ಟಿಯಲ್ಲೂ ಅವುಗಳ ಲೆಕ್ಕವೇ ಮೊದಲಿತ್ತು. ಅತ್ತೆ ಮಾತ್ರ ಒಪ್ಪಲಿಲ್ಲ. "ಅದನ್ನ ಮುಟ್ಟಬೇಡಿ ಆಚಾರ್ರೆ, ಹೊಗೆ ತಿಂದ ಮರಕ್ಕೆ ಹುಳ ಬೀಳೋದಿಲ್ಲ. ನಡುಮನೇದು ನೋಡಿ ಮೊದಲು" ಎಂದರು. ಆಚಾರಿಗಳು ಉಳಿಯ ಹಿಂಬದಿಯಿಂದ ಬಡಿದು ನೋಡಿದಾಗ ಅಡುಗೆಮನೆಯದು ಗಟ್ಟಿ ಸದ್ದು ಕೊಟ್ಟಿತು. ಬಣ್ಣ ಕಂಡು ಚೆಂದವಾಗಿದ್ದ ನಡುಮನೆಯ ಪಕಾಸುಗಳಲ್ಲಿ ಹಲವು ಒಳಗೇ ಟೊಳ್ಳಾಗಿದ್ದವು. ಕಟ್ಟಿಗೆ ಒಲೆಯ ಹೊಗೆ ಮಾಡಿನ ಮರವನ್ನು ಒಣಗಿಸಿಟ್ಟು, ಹುಳವನ್ನು ದೂರವಿಡುತ್ತದೆ. ಗ್ಯಾಸ್ ಬಂದ ಮೇಲೆ ನಮ್ಮಂಥ ಮನೆಗಳ ಮಾಡಿಗೆ ಆ ರಕ್ಷಣೆ ತಪ್ಪಿತು. ಹಾಗೆಂದು ನಾವು ಮತ್ತೆ ಕಣ್ಣುರಿಸಿಕೊಂಡು ಹೊಗೆಯಲ್ಲಿ ಅಡುಗೆ ಮಾಡಬೇಕೆಂದು ನಾನು ಹೇಳಲಾರೆ. ಮರವನ್ನು ಕಾಯಲು ಹೆಂಗಸರ ಪುಪ್ಪುಸವನ್ನು ಒತ್ತೆಯಿಡುವುದು ನ್ಯಾಯವಲ್ಲ. ಹೊಸದಾಗಿ ಹಾಕಿದ ಹಲಸು ಮತ್ತು ಮತ್ತಿಯ ಮರಕ್ಕೆಲ್ಲ ಗೇರೆಣ್ಣೆ ಹಚ್ಚಿಸಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಎಣ್ಣೆಗೆ ಗೆದ್ದಲು ಸುಳಿಯುವುದಿಲ್ಲ, ಆದರೆ ಚರ್ಮಕ್ಕೆ ತಾಗಿದರೆ ಗುಳ್ಳೆಯೇಳುತ್ತದೆ. ಅದು ಒಣಗುವವರೆಗೆ ಮಕ್ಕಳನ್ನು ತೋಟದ ಕಡೆಗೆ ಅಟ್ಟಬೇಕಾಯಿತು.

ಗೋಡೆಯ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ನಮ್ಮದು ಮಣ್ಣಿನ ಗೋಡೆ. ಹಿಂದೊಮ್ಮೆ, ನಾನು ಈ ಮನೆಗೆ ಬರುವ ಮೊದಲು, ಪಡುವಣ ದಿಕ್ಕಿನ ಹೊರಗೋಡೆಗೆ ಗಟ್ಟಿಯಾಗಿರಲೆಂದು ಸಿಮೆಂಟ್ ಗಾರೆ ಮಾಡಿಸಿದ್ದರು. ಮಣ್ಣಿನ ಗೋಡೆ ನೆಲದಿಂದ ಎಳೆದ ತೇವವನ್ನು ತನ್ನ ಮೈಯಿಂದಲೇ ಗಾಳಿಗೆ ಬಿಟ್ಟುಕೊಡಬೇಕು; ಸಿಮೆಂಟ್ ಆ ದಾರಿಯನ್ನು ಮುಚ್ಚಿದಾಗ ತೇವ ಒಳಗೇ ನಿಂತು ಮಣ್ಣು ಸಡಿಲವಾಗುತ್ತದೆ, ಗಾರೆ ಹಪ್ಪಳದ ಹಾಗೆ ಉಬ್ಬಿ ಕಳಚುತ್ತದೆ. ಆ ಕೋಣೆಯಲ್ಲಿ ಮಲಗುವ ಮಾವನವರ ಕೆಮ್ಮು ಪ್ರತಿ ಮಳೆಗಾಲದಲ್ಲಿ ಜೋರಾಗುವುದು ಮನೆಯವರಿಗೆ ಗೊತ್ತಿತ್ತು, ಮೇಸ್ತ್ರಿಗೆ ಹೇಗೆ ಗೊತ್ತಾಗಬೇಕು? ಆತ ಬಿರುಕಿಗಷ್ಟೇ ತೇಪೆ ಹಾಕುವ ಯೋಚನೆಯಲ್ಲಿದ್ದ. ಕೊನೆಗೆ ಸಿಮೆಂಟನ್ನೆಲ್ಲ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವ ವಸ್ತು. ವೈಶಾಖದ ಬಿಸಿಲಿನಲ್ಲಿ ಅದು ಬೇಗ ಒಣಗಿ ಬಿರಿಯುತ್ತದೆ, ಆಷಾಢದಲ್ಲಿ ಒಣಗುವುದೇ ಇಲ್ಲ. ಬೆಳಗಿನ ಇಬ್ಬನಿ ಮತ್ತು ಹಗಲಿನ ಹದವಾದ ಬಿಸಿಲು ಎರಡೂ ಸಿಗುವ ಆಶ್ವಯುಜ, ಕಾರ್ತಿಕಗಳೇ ಅದಕ್ಕೆ ತಕ್ಕ ಕಾಲ.

ಮನೆವಾಸಕ್ಕೆ ನಿಜವಾಗಿ ತೊಂದರೆ ಕೊಟ್ಟದ್ದು ಮಾಡೂ ಅಲ್ಲ, ಗೋಡೆಯೂ ಅಲ್ಲ, ನೆಲ. ನಡುಮನೆಗೆ ಕೆಂಪು ರೆಡಾಕ್ಸೈಡ್ ನೆಲ ಮಾಡಿಸಿದರೆ ಹಸಿ ಇರುವಾಗ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ, ಆಮೇಲೆಯೂ ವಾರದ ಮಟ್ಟಿಗೆ ನೀರು ನಿಲ್ಲಿಸಬೇಕು. ನಮ್ಮಂಥ ಮನೆಗಳಲ್ಲಿ ಅಡುಗೆಮನೆಗೂ ದೇವರ ಕೋಣೆಗೂ ಮಲಗುವ ಕೋಣೆಗೂ ನಡುಮನೆಯೇ ದಾರಿ. ಹೀಗಾಗಿ ನೆಲವನ್ನು ಅರ್ಧರ್ಧ ಮಾಡಿ ಮುಗಿಸಬೇಕಾಯಿತು, ನಡುವೆ ಕೂಡುಗೆರೆಯೊಂದು ಇಂದಿಗೂ ಕಾಣುತ್ತದೆ. ಬಂದವರು ಅದನ್ನು ದೋಷವೆಂದು ತೋರಿಸುತ್ತಾರೆ. ಆರು ಜನ ಓಡಾಡುತ್ತಿರುವ ಮನೆಯಲ್ಲಿ ಗೆರೆಯಿಲ್ಲದ ನೆಲ ಬೇಕೆಂದರೆ ಓಡಾಡುವವರು ಗಾಳಿಯಲ್ಲಿ ಹಾರಬೇಕು.

ಅಡುಗೆಯನ್ನು ಹಿತ್ತಿಲ ಜಗಲಿಗೆ ಸಾಗಿಸಿದ್ದೆವು. ಒಂದು ಗ್ಯಾಸ್ ಒಲೆ, ಒಂದು ಮಣೆ, ಮುಚ್ಚಳವಿರುವ ಪಾತ್ರೆಗಳು ಮಾತ್ರ. ಕರಿಯುವ ಯಾವ ಅಡುಗೆಯೂ ಇಲ್ಲ. ಒಂದೆಲಗದ ತಂಬುಳಿ, ಉಪ್ಪುನೀರಿನ ಮಿಡಿಯ ಅಪ್ಪೆಹುಳಿ, ಗೊಜ್ಜು, ಮಜ್ಜಿಗೆ, ಇಷ್ಟರಲ್ಲಿ ಊಟ ಸಾಗಿತು, ಮನೆಯವರಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಕೆಲಸದವರ ಊಟ ಮತ್ತು ಎರಡು ಹೊತ್ತಿನ ಕಷಾಯ ಮಾತ್ರ ಬೇರೆ ಮಾತು. ಮನೆಯಲ್ಲೇ ಇದ್ದು ರಿಪೇರಿ ಮಾಡಿಸಿದ ಉಳಿತಾಯವನ್ನು ಹೊಗಳುವವರು ಈ ಲೆಕ್ಕವನ್ನು ಹಿಡಿಯುವುದಿಲ್ಲ. ಬಾಡಿಗೆ ಉಳಿಯಿತು ನಿಜ. ಉಳಿದ ಆ ಹಣಕ್ಕೆ ಬದಲಾಗಿ ಅತ್ತೆಯೂ ನಾನೂ ಬೆಳಗಿನಿಂದ ರಾತ್ರಿಯವರೆಗೆ ಧೂಳು ಒರೆಸಿದೆವು, ಪಾತ್ರೆ ಎರಡೆರಡು ಸಲ ತೊಳೆದೆವು. ರಾತ್ರಿ ಆರು ಜನರೂ ಒಂದೇ ಕೋಣೆಯಲ್ಲಿ ಮಲಗುವಾಗ ಮಕ್ಕಳಿಗೆ ಹಬ್ಬವೆನ್ನಿಸುತ್ತಿತ್ತು, ದೊಡ್ಡವರಿಗೆ ಜಗಳಕ್ಕೆ ಬೇಕಾದ ಏಕಾಂತವೂ ಸಿಗುತ್ತಿರಲಿಲ್ಲ. ನಾನೂ ನನ್ನ ಗಂಡನೂ ಸ್ವಿಚ್ ಬೋರ್ಡಿನ ಜಾಗದ ವಿಚಾರವಾಗಿ ತೋಟದಲ್ಲಿ ನಿಂತು ಜಗಳವಾಡಿದ್ದುಂಟು.

ಹಬ್ಬಗಳಂತೂ ಕೆಲಸದ ನಡುವೆಯೇ ಬಂದವು. ವಿಜಯದಶಮಿ ಕಳೆದು ಐದನೆಯ ದಿನಕ್ಕೆ ಭೂಮಿ ಹುಣ್ಣಿಮೆ. ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ದೀವರ ಸಮುದಾಯದ ಮನೆಗಳವರು. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ತುಂಬು ಗರ್ಭಿಣಿಯಾದ ಭೂಮಿಗೆ ಬಡಿಸುವ ಹಬ್ಬ ಅವರಿಗೆ ವರ್ಷದ ದೊಡ್ಡ ಹಬ್ಬ. ಹಿಂದಿನ ರಾತ್ರಿಯೆಲ್ಲ ಅಡುಗೆಯಾಗುತ್ತದೆ, ಆದ್ದರಿಂದ ಆಗ ಯಾರನ್ನೂ ಕರೆಯಬಾರದು ಎಂಬುದು ಮಾವನವರಿಗೆ ಗೊತ್ತಿದ್ದು, ಆ ದಿನಗಳನ್ನು ಮೊದಲೇ ಲೆಕ್ಕದಿಂದ ಬಿಟ್ಟಿದ್ದೆವು. ವಿಜಯದಶಮಿಗೂ ದೀಪಾವಳಿಗೂ ಇರುವ ಇಪ್ಪತ್ತು ದಿನಗಳಲ್ಲಿ ಬಚ್ಚಲುಮನೆ ಮುಗಿಯಲೇಬೇಕು ಎಂಬುದು ಅತ್ತೆಯ ಒಂದೇ ಹಟವಾಗಿತ್ತು. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ಕೆಮ್ಮಣ್ಣು ಬಳಿದು, ನೀರು ತುಂಬಲು ಜಾಗವಿಲ್ಲದಿದ್ದರೆ ದೀಪಾವಳಿ ಮಾಡುವುದಾದರೂ ಹೇಗೆ? ಮೇಸ್ತ್ರಿ ಆ ಒಂದು ಗಡುವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ. ಬಲಿಪಾಡ್ಯಮಿಯ ಗೋಪೂಜೆಗೆ ಅಂಗಳದಲ್ಲಿ ಮರಳಿನ ರಾಶಿ ಇನ್ನೂ ಇತ್ತು, ಹಸುಗಳು ಅದನ್ನು ಸುತ್ತಿಕೊಂಡು ಹೋದವು.

ಹಾಗಾದರೆ ನಾವೂ ಹೀಗೆಯೇ ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಎಳೆಯ ಮಗುವೋ ಬಾಣಂತಿಯೋ ಉಬ್ಬಸದವರೋ ಇರುವ ಮನೆಯವರು ಖಂಡಿತ ಬೇರೆ ಕಡೆ ಇರಬೇಕು. ಸುಣ್ಣದ ಧೂಳು ಕಣ್ಣಿಗೂ ಉಸಿರಿಗೂ ಒಳ್ಳೆಯದಲ್ಲ, ಸುಟ್ಟ ಸುಣ್ಣವನ್ನು ನೆನೆಹಾಕಿದ ಗುಂಡಿ ಕೊತಕೊತ ಕುದಿಯುವಾಗ ಮಕ್ಕಳು ಹತ್ತಿರ ಸುಳಿದರೆ ಅನಾಹುತವಾದೀತು. ಮಾವನವರನ್ನೂ ಸಿಮೆಂಟ್ ಕೆತ್ತುವ ದಿನಗಳಲ್ಲಿ ನಾದಿನಿಯ ಮನೆಗೆ ಕಳಿಸಿದ್ದೆವು, ಅವರು ದಿನಕ್ಕೆರಡು ಸಲ ಫೋನು ಮಾಡಿ ಗೋಡೆಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮಾಡನ್ನು ಭಾಗ ಭಾಗವಾಗಿ ಬಿಚ್ಚಲು ಒಪ್ಪದ ಆಚಾರಿಗಳು ಸಿಕ್ಕಿದರೆ ಶರದೃತುವಿನಲ್ಲಿ ಕೈಹಾಕಬೇಡಿ. ಇವೆರಡೂ ಅಡ್ಡಿಯಿಲ್ಲದವರು ಮನೆಯಲ್ಲೇ ಇರಿ, ಮನೆಯಲ್ಲಿ ಬಹುಕಾಲ ಬಾಳಿದ ಹಿರಿಯರು ಕೆಲಸ ನಡೆಯುವ ಜಾಗದಲ್ಲಿ ಕುರ್ಚಿ ಹಾಕಿ ಕೂರುವಂತೆ ನೋಡಿಕೊಳ್ಳಿ. ನಮ್ಮ ಕೊಟ್ಟಿಗೆಯ ಮಾಡು ಇನ್ನೂ ಬಾಕಿ ಇದೆ. ಮುಂದಿನ ವಿಜಯದಶಮಿಗೆ ಬರುತ್ತೇವೆಂದು ಆಚಾರಿಗಳು ಹೇಳಿದ್ದಾರೆ. ಆ ಸಲ ಕೆಲಸದವರ ಕಷಾಯ ಗಂಡಸರ ಪಾಲಿಗೆ ಎಂದು ಅತ್ತೆ ಈಗಲೇ ಷರತ್ತು ಹಾಕಿದ್ದಾರೆ, ಮಾವ ಇನ್ನೂ ಉತ್ತರ ಕೊಟ್ಟಿಲ್ಲ.